ಮಣಿಕಟ್ಟು ಸಾಕು, ಇಡೀ ಮೈ ಬೇಡ

ಅಣ್ಣನ ಮಗ ರಜೆಗೆ ಮೈಸೂರಿಗೆ ಬಂದಾಗಲೆಲ್ಲ ಮೊದಲು ಮಾಡುವ ಕೆಲಸ ನಿಂಟೆಂಡೊ ಸ್ವಿಚ್ ಎಂಬ ನನ್ನ ಗೇಮ್ ಯಂತ್ರದಲ್ಲಿ ಆಟಗಳ ಸೆಟ್ಟಿಂಗ್ಸ್‌ಗೆ ಹೋಗಿ ಮೋಷನ್ ಕಂಟ್ರೋಲ್, ಅಂದರೆ ಗುಂಡಿ ಒತ್ತುವ ಬದಲು ಕೈ ಅಲುಗಿಸಿ ಆಡುವ ವಿಧಾನವನ್ನು ಆಫ್ ಮಾಡುವುದು. ಅವನು ಊರಿಗೆ ಹೊರಟ ಮೇಲೆ ನಾನು ಮೊದಲು ಮಾಡುವ ಕೆಲಸ ಅದನ್ನು ಮತ್ತೆ ಆನ್ ಮಾಡುವುದು. “ಅತ್ತೆ, ಇದೆಲ್ಲ ಬರೀ ಗಿಮಿಕ್. ಸರಿಯಾಗಿ ಆಡುವವರು ಸ್ಟಿಕ್‌ನಲ್ಲೇ ಗುರಿ ಇಡುತ್ತಾರೆ” ಎನ್ನುತ್ತಾನೆ. ಸ್ಟಿಕ್ ಎಂದರೆ ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಮೇಲೆ ಹೆಬ್ಬೆರಳಿನಿಂದ ತಳ್ಳುವ ಪುಟ್ಟ ಕಡ್ಡಿ. ಇವನು ಹುಟ್ಟುವ ಮೊದಲೇ ನಾನು ಟೀವಿಯ ಮುಂದೆ ನಿಂತು ಕೈ ಬೀಸಿದವಳು. ಇವನಿಗೊಂದು ಉತ್ತರ ಕೊಡಲೇಬೇಕು ಎಂದು ಬರೆಯಲು ಕುಳಿತಿದ್ದೇನೆ. ಅವನು ಇದನ್ನು ಓದುವುದಿಲ್ಲ, ಬಿಡಿ. ಒಂದು ನಿಮಿಷಕ್ಕಿಂತ ಉದ್ದದ ಯಾವುದನ್ನೂ ಅವನು ಮುಟ್ಟುವುದಿಲ್ಲ.

ಹುಡುಗನ ಮಾತು ಪೂರ್ತಿ ಸುಳ್ಳೂ ಅಲ್ಲ. ಗುಂಡಿಯೊಂದು ಸಲೀಸಾಗಿ ಮಾಡುವ ಕೆಲಸವನ್ನು ಕಿತ್ತುಕೊಂಡು ಕೈ ಅಲುಗಾಟಕ್ಕೆ ಒಪ್ಪಿಸಿದ ಆಟಗಳು ಬೇಕಾದಷ್ಟಿವೆ. ನಿಂಟೆಂಡೊದ ಹಳೆಯ ಯಂತ್ರ ವೀಗೆ ಬಂದ ‘ಸೂಪರ್ ಮಾರಿಯೊ ಗ್ಯಾಲಕ್ಸಿ’ಯಲ್ಲಿ (2007) ಕೈಯಲ್ಲಿ ಹಿಡಿದ ರಿಮೋಟ್ ಅಲುಗಿಸಿದರೆ ಮಾರಿಯೊ ಗಿರ್ರನೆ ತಿರುಗುತ್ತಾನೆ. ಅದನ್ನು ಸಹಿಸಿಕೊಳ್ಳಬಹುದು, ಏಕೆಂದರೆ ತಿರುಗುವುದು ಒಂದಿಷ್ಟು ತಡವಾದರೂ ಆ ಆಟದಲ್ಲಿ ಸಾಮಾನ್ಯವಾಗಿ ಪ್ರಾಣಕ್ಕೆ ಕುತ್ತಿಲ್ಲ. ಆದರೆ 2010ರ ‘ಡಾಂಕಿ ಕಾಂಗ್ ಕಂಟ್ರಿ ರಿಟರ್ನ್ಸ್’ನಲ್ಲಿ ಉರುಳಬೇಕೆಂದರೆ ಓಡುತ್ತಲೇ ರಿಮೋಟ್ ಅಲ್ಲಾಡಿಸಬೇಕು. ಆಟವೋ ಕೂದಲೆಳೆಯ ಲೆಕ್ಕದ್ದು. ಕಂದಕದ ಅಂಚಿನಲ್ಲಿ ಉರುಳಿ, ಅಲ್ಲಿಂದಲೇ ಜಿಗಿದರೆ ಮಾತ್ರ ಆಚೆ ದಡ. ಗುಂಡಿ ಒತ್ತಿದ್ದೇನೋ ಇಲ್ಲವೋ ಎಂಬುದು ಯಂತ್ರಕ್ಕೆ ಕೂಡಲೇ ತಿಳಿಯುತ್ತದೆ, ಅಲ್ಲಿ ಅನುಮಾನಕ್ಕೆ ಜಾಗವಿಲ್ಲ. ಕೈ ಅಲುಗಿದ್ದು ‘ಅಲುಗಾಟ’ವೋ ಅಥವಾ ನಾನು ಸುಮ್ಮನೆ ಕೂತ ಭಂಗಿ ಬದಲಿಸಿದ್ದೋ ಎಂದು ಯಂತ್ರ ಊಹಿಸಬೇಕು. ಅದು ಊಹಿಸಿ ಮುಗಿಸುವಷ್ಟರಲ್ಲಿ ನಮ್ಮ ಗೊರಿಲ್ಲಾ ಕಂದಕದಲ್ಲಿರುತ್ತದೆ. ಇಂಥ ಕಡೆ ಅಣ್ಣನ ಮಗನ ಪಕ್ಷವೇ ನನ್ನದೂ.

ಸೋನಿಯವರದ್ದೂ ಇಂಥದೇ ಒಂದು ಕಥೆ. ಪ್ಲೇಸ್ಟೇಷನ್ 3ರ ಜೊತೆ 2006ರಲ್ಲಿ ಬಂದ ಸಿಕ್ಸಾಕ್ಸಿಸ್ ಕಂಟ್ರೋಲರ್‌ಗೆ ವಾಲಿಕೆಯನ್ನು ಅರಿಯುವ ಶಕ್ತಿ ಕೊಟ್ಟರು, ನಡುಗುವ ಶಕ್ತಿಯನ್ನು ತೆಗೆದುಬಿಟ್ಟರು. ಮರುವರ್ಷದ ‘ಲೇರ್’ ಎಂಬ ಆಟದಲ್ಲಿ ಡ್ರ್ಯಾಗನ್ ಹಾರಿಸಬೇಕೆಂದರೆ ಕಂಟ್ರೋಲರ್ ವಾಲಿಸುವುದೊಂದೇ ದಾರಿ. ಆಡಿದವರು ಬೈದ ಬೈಗುಳಕ್ಕೆ 2008ರಲ್ಲಿ ಒಂದು ಅಪ್‌ಡೇಟ್ ಬಂದು, ಸ್ಟಿಕ್‌ನಿಂದಲೂ ಹಾರಿಸಬಹುದು ಎಂದಾಯಿತು.

ಈಗ ನನ್ನ ಪಕ್ಷಕ್ಕೆ ಬರುತ್ತೇನೆ.

ನಮ್ಮ ಮನೆಗೆ ವೀ ಬಂದದ್ದು ಚಿಕ್ಕಪ್ಪನ ಮಗನ ಸೂಟ್‌ಕೇಸಿನಲ್ಲಿ, ಅಮೆರಿಕದಿಂದ. ಅಲ್ಲಿಯ ಅಡಾಪ್ಟರ್ ನಮ್ಮ 230 ವೋಲ್ಟಿಗೆ ಒಗ್ಗುವುದಿಲ್ಲ. ಹಾಗಾಗಿ ಟೀವಿಯ ಪಕ್ಕದಲ್ಲಿ ಇಟ್ಟಿಗೆಯಷ್ಟು ಭಾರದ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತ ಕೂತಿರುತ್ತಿತ್ತು. ಜೊತೆಗೆ ಬಂದ ‘ವೀ ಸ್ಪೋರ್ಟ್ಸ್’ ಡಿಸ್ಕಿನಲ್ಲಿ ಐದು ಆಟಗಳು: ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಆ ಒಂದು ಡಿಸ್ಕು ಜಗತ್ತಿನಲ್ಲಿ ಎಂಟು ಕೋಟಿಗೂ ಹೆಚ್ಚು ಮನೆಗಳಿಗೆ ಹೋಯಿತು, ವೀ ಯಂತ್ರ ಹತ್ತು ಕೋಟಿ ದಾಟಿತು. ಇದನ್ನೆಲ್ಲ ಬರೀ ಗಿಮಿಕ್ ಎಂದು ತಳ್ಳಿಹಾಕುವವರು ಬೌಲಿಂಗನ್ನು ಒಮ್ಮೆ ಮನಸ್ಸಿಟ್ಟು ನೋಡಬೇಕು.

ನನ್ನ ಅಮ್ಮ ಅದುವರೆಗೆ ಯಾವ ವಿಡಿಯೊ ಗೇಮನ್ನೂ ಮುಟ್ಟಿದವರಲ್ಲ. ರಿಮೋಟಿನ ದಾರವನ್ನು ಬಳೆಗಳ ಮೇಲೆ ಹಾಕಿ ಬಿಗಿದೆ. (ಆ ದಾರ ಹರಿದು ಟೀವಿಗಳು ಒಡೆದವೆಂಬ ದೂರಿನ ಮೇಲೆ ನಿಂಟೆಂಡೊ 2006ರ ಡಿಸೆಂಬರಿನಲ್ಲೇ 32 ಲಕ್ಷ ದಾರಗಳನ್ನು ಬದಲಿಸಿಕೊಡುವುದಾಗಿ ಹೇಳಿತ್ತು. ನಮ್ಮ ಮನೆಯ ಟೀವಿಗೆ ಇನ್ನೂ ಕಂತು ಬಾಕಿಯಿದ್ದುದರಿಂದ ಈ ಸುದ್ದಿಯನ್ನು ನಾನು ಎರಡೆರಡು ಸಲ ಓದಿದ್ದೆ.) ಹಿಂಬದಿಯ ಗುಂಡಿಯನ್ನು ಬೆರಳಲ್ಲಿ ಹಿಡಿದುಕೊಂಡು, ಕೈ ಹಿಂದಕ್ಕೆ ತಂದು ಮುಂದಕ್ಕೆ ಬೀಸಿ, ಗುಂಡಿ ಬಿಟ್ಟುಬಿಡು ಎಂದೆ. ಇಷ್ಟೇ ಪಾಠ. ಚೆಂಡು ಹೊರಟಿತು, ನೇರವಾಗಿ ಅಲ್ಲ, ಎಡಕ್ಕೆ ಬಾಗುತ್ತ. ಮರುಬಾರಿ ಇನ್ನಷ್ಟು ಎಡಕ್ಕೆ. ಅಮ್ಮ ತನ್ನ ಕೈಯನ್ನೇ ನೋಡಿಕೊಂಡರು. ಬೀಸುವಾಗ ಮಣಿಕಟ್ಟು ಒಳಗೆ ತಿರುಗುತ್ತಿತ್ತು. “ನಾನು ತಿರುಗಿಸಿದ ಹಾಗೆಯೇ ತಿರುಗುತ್ತದಲ್ಲೇ ಇದು!” ಎಂದರು. ಆಮೇಲೆ ಬೇಕೆಂದೇ ತಿರುಗಿಸತೊಡಗಿದರು. ಬಲಗಡೆಯಿಂದ ಬಿಟ್ಟ ಚೆಂಡನ್ನು ಬಾಗಿಸಿ ನಡುವಿನ ಪಿನ್ನಿಗೆ ತರುವುದನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ.

ನಾನು ಹೇಳಬೇಕೆಂದಿರುವುದು ಇಲ್ಲೇ ಇದೆ. ಬೌಲಿಂಗ್‌ನಲ್ಲಿ ಕೈ ಯಂತ್ರಕ್ಕೆ ಬರೀ ‘ಹೌದು’, ‘ಇಲ್ಲ’ ಎನ್ನುತ್ತಿಲ್ಲ. ಎಷ್ಟು ಜೋರು, ಯಾವಾಗ ಬಿಟ್ಟೆ, ಎಷ್ಟು ತಿರುಚಿದೆ ಎಂಬ ಮೂರು ಸಂಗತಿಗಳನ್ನು ಒಂದೇ ಬೀಸಿನಲ್ಲಿ ಹೇಳುತ್ತಿದೆ. ಅದನ್ನೇ ಗುಂಡಿಗಳಿಂದ ಹೇಳಲು ಹೊರಟರೆ ಪರದೆಯ ಮೇಲೆ ಏರಿಳಿಯುವ ಮೂರು ಪಟ್ಟಿ ಬೇಕಾಗುತ್ತವೆ, ಹಳೆಯ ಗಾಲ್ಫ್ ಆಟಗಳಲ್ಲಿ ಇದ್ದ ಹಾಗೆ. ಕೈ ಚಲನೆಯಲ್ಲಿ ಗುಂಡಿಗೆ ದಕ್ಕದ ವಿವರವೊಂದಿದ್ದರೆ, ಆ ವಿವರ ಆಟಕ್ಕೆ ಬೇಕಿದ್ದರೆ, ಮೋಷನ್ ಕಂಟ್ರೋಲ್ ಆಟವನ್ನು ಚೆನ್ನಾಗಿಸುತ್ತದೆ. ಇಲ್ಲದಿದ್ದರೆ ಅದು ಗುಂಡಿಗೆ ತೊಡಿಸಿದ ವೇಷ.

ಅದೇ ಡಿಸ್ಕಿನ ಟೆನಿಸ್ ಈ ವೇಷಕ್ಕೆ ಹತ್ತಿರದ್ದು. ಅಲ್ಲಿ ಗೊಂಬೆಗಳು ತಾವೇ ಓಡುತ್ತವೆ. ಚೆಂಡು ಎಡಕ್ಕೋ ಬಲಕ್ಕೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನಾವು ಬೀಸಿದ ಹೊತ್ತು. ನಾನು ಎದ್ದು ನಿಂತು, ಸೆರಗು ಸಿಕ್ಕಿಸಿ, ಭುಜದಿಂದ ಬೀಸುತ್ತಿದ್ದೆ. ಚಿಕ್ಕಪ್ಪನ ಮಗ ದಿವಾನದ ಮೇಲೆ ಒರಗಿಕೊಂಡು, ಒಂದು ಕೈಯಲ್ಲಿ ಚಕ್ಕುಲಿ ತಿನ್ನುತ್ತ, ಇನ್ನೊಂದು ಕೈಯ ಮಣಿಕಟ್ಟನ್ನಷ್ಟೇ ಕುಣಿಸಿ ನನ್ನನ್ನು ಸೋಲಿಸುತ್ತಿದ್ದ. ನನ್ನ ಭುಜದ ಶ್ರಮವೆಲ್ಲ ಯಂತ್ರದ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಜಾಹೀರಾತಿನಲ್ಲಿ ಇಡೀ ಕುಟುಂಬ ಎದ್ದು ಕುಣಿಯುತ್ತಿತ್ತು, ನಿಜವಾಗಿ ಆಡಲು ಬೇಕಿದ್ದದ್ದು ಎರಡಿಂಚಿನ ಅಲುಗಾಟ.

ಏಕೆ ಹೀಗೆ ಎಂದರೆ, ಕೈಯ ಚಲನೆ ಅಳೆಯಲು ಆ ಮೊದಲ ರಿಮೋಟಿನೊಳಗೆ ಇದ್ದದ್ದು ಆಕ್ಸಲೆರೋಮೀಟರ್ ಮಾತ್ರ. ಅದಕ್ಕೆ ಗುರುತ್ವ ಗೊತ್ತು, ಎಳೆದಾಟ ಗೊತ್ತು. ಸುಮ್ಮನೆ ಹಿಡಿದರೆ ಎತ್ತ ವಾಲಿದೆ ಎಂದು ಹೇಳಬಲ್ಲದು. ಆದರೆ ಮೇಜಿನ ಮೇಲಿಟ್ಟು ಗಡಿಯಾರದ ಮುಳ್ಳಿನ ಹಾಗೆ ನಿಧಾನವಾಗಿ ತಿರುಗಿಸಿದರೆ ಅದಕ್ಕೆ ಏನೂ ಆದಂತೆಯೇ ಅನಿಸುವುದಿಲ್ಲ, ಏಕೆಂದರೆ ಭೂಮಿ ಎಳೆಯುವ ದಿಕ್ಕು ಬದಲಾಗಿಲ್ಲ. ಆ ಕೊರತೆ ತುಂಬಿದ್ದು ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್, ಅದು 2009ರಲ್ಲಿ ‘ಮೋಷನ್‌ಪ್ಲಸ್’ ಎಂಬ ಬಾಲದ ರೂಪದಲ್ಲಿ ಬಂದು ರಿಮೋಟಿಗೆ ಅಂಟಿಕೊಂಡಿತು.

ವೀಗೆ ಇನ್ನೊಂದು ಕಣ್ಣೂ ಇತ್ತು. ಟೀವಿಯ ಮೇಲಿಡುವ ಉದ್ದನೆಯ ಸೆನ್ಸರ್ ಬಾರ್ ಏನನ್ನೋ ನೋಡುತ್ತಿದೆ ಎಂದು ಹೆಚ್ಚಿನವರು ತಿಳಿದಿದ್ದರು. ಅದು ನೋಡುವುದೇ ಇಲ್ಲ. ಅದರ ಎರಡು ತುದಿಯಲ್ಲಿ ಅವಗೆಂಪು ದೀಪಗಳಿವೆ, ಅಷ್ಟೇ. ಕ್ಯಾಮೆರಾ ಇರುವುದು ನಮ್ಮ ಕೈಯಲ್ಲಿನ ರಿಮೋಟಿನ ಮೂತಿಯಲ್ಲಿ. ಅದು ಎರಡು ಬೆಳಕಿನ ಚುಕ್ಕೆಗಳನ್ನು ನೋಡಿ ತಾನು ಎತ್ತ ಮುಖಮಾಡಿದ್ದೇನೆ ಎಂದು ಲೆಕ್ಕಹಾಕುತ್ತದೆ. ನಮ್ಮ ಬಾರಿನ ತಂತಿಯನ್ನು ಇಲಿ ಕಡಿದಾಗ ಟೀವಿ ಸ್ಟ್ಯಾಂಡಿನ ಮೇಲೆ ಒಂದಡಿ ಅಂತರದಲ್ಲಿ ಎರಡು ಹಣತೆ ಹಚ್ಚಿಟ್ಟೆವು. ಎರಡು ಬತ್ತಿ, ಎರಡು ಬಿಸಿ ಚುಕ್ಕೆ, ಸಾಕು. ಪರದೆಯ ಮೇಲಿನ ಕೈ ಗುರುತು ಬತ್ತಿಯ ಜೊತೆ ಚೂರು ತೂಗಾಡಿತು, ಆದರೂ ಮೆನು ಒತ್ತಲು ಅಡ್ಡಿಯಾಗಲಿಲ್ಲ. ಅಮ್ಮ ಮಾತ್ರ ದೇವರ ಹಣತೆಯನ್ನು ಇಂಥದಕ್ಕೆಲ್ಲ ಬಳಸಬಾರದು ಎಂದು ಎಣ್ಣೆ ಬಾಟಲಿ ಒಳಗಿಟ್ಟರು.

ಈ ಮೂತಿಯ ಕ್ಯಾಮೆರಾ ಒಂದು ಆಟವನ್ನು ನಿಜವಾಗಿಯೂ ಬದಲಿಸಿತು: ‘ರೆಸಿಡೆಂಟ್ ಈವಿಲ್ 4’. 2005ರ ಮೂಲ ಆವೃತ್ತಿಯಲ್ಲಿ ಸ್ಟಿಕ್‌ನಿಂದ ಕೆಂಪು ಚುಕ್ಕೆಯನ್ನು ಮೆಲ್ಲಗೆ ಎಳೆದು ಶತ್ರುವಿನ ಮೊಣಕಾಲಿಗೆ ತರಬೇಕಿತ್ತು. 2007ರ ವೀ ಆವೃತ್ತಿಯಲ್ಲಿ ಮೊಣಕಾಲನ್ನು ತೋರಿಸಿದರೆ ಮುಗಿಯಿತು. ಅದಾದ ಮೇಲೆ ಹಳೆಯದಕ್ಕೆ ಮರಳುವುದು ನನ್ನಿಂದಾಗಲಿಲ್ಲ. ಆದರೆ ಇಲ್ಲೊಂದು ತೊಡಕಿದೆ, ಅಣ್ಣನ ಮಗ ಎಂದಾದರೂ ಜಾಣತನದಿಂದ ವಾದ ಮಾಡಿದರೆ ಇದನ್ನೇ ಎತ್ತಬೇಕು. ಆ ಆಟದ ಭಯ ಇದ್ದದ್ದೇ ಗುರಿಯ ನಿಧಾನದಲ್ಲಿ. ಊರಿನವರು ಕೊಡಲಿ ಹಿಡಿದು ಹತ್ತಿರ ಬರುತ್ತಿದ್ದಾರೆ, ನನ್ನ ಚುಕ್ಕೆ ಇನ್ನೂ ತೆವಳುತ್ತಿದೆ. ಚುಕ್ಕೆ ಚುರುಕಾದ ಕೂಡಲೇ ಅದೇ ಊರಿನವರು ಬಡಪಾಯಿಗಳಾದರು. ನಿಯಂತ್ರಣ ಸುಧಾರಿಸಿತು, ಆಟ ಸಲೀಸಾಯಿತು, ಹೆದರಿಕೆ ಹಗುರಾಯಿತು. ನನಗೆ ಆ ವ್ಯಾಪಾರ ಒಪ್ಪಿಗೆ. ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ.

2011ರ ‘ಝೆಲ್ಡಾ: ಸ್ಕೈವರ್ಡ್ ಸ್ವೋರ್ಡ್’ ಮೋಷನ್‌ಪ್ಲಸ್ ಇಲ್ಲದೆ ನಡೆಯುವುದೇ ಇಲ್ಲ. ಬಾಯಿ ಅಡ್ಡಕ್ಕೆ ತೆರೆದ ಗಿಡಕ್ಕೆ ಅಡ್ಡ ಏಟು, ಉದ್ದಕ್ಕೆ ತೆರೆದದ್ದಕ್ಕೆ ಉದ್ದ ಏಟು. ಎದುರಾಳಿ ಎಡಕ್ಕೆ ತಡೆದರೆ ನಾನು ಬಲದಿಂದ ಹೊಡೆಯಬೇಕು. ಕತ್ತಿ ಕೈಯ ದಿಕ್ಕನ್ನು ಅನುಸರಿಸುವ ಖುಷಿ ಅದರಲ್ಲಿತ್ತು. ನಡುನಡುವೆ ಗುರಿ ಓರೆಯಾಗಿ, ಗುಂಡಿ ಒತ್ತಿ ಮತ್ತೆ ನಡುವಿಗೆ ತಂದುಕೊಳ್ಳುವ ಕಿರಿಕಿರಿಯೂ ಇತ್ತು. 2021ರಲ್ಲಿ ಇದೇ ಆಟ ಸ್ವಿಚ್‌ಗೆ ಬಂದಾಗ ಬಲ ಸ್ಟಿಕ್‌ನಿಂದಲೂ ಕತ್ತಿ ಬೀಸುವ ಅವಕಾಶ ಕೊಟ್ಟರು. ಆಡಿ ನೋಡಿದೆ. ಎಲ್ಲ ನಡೆಯುತ್ತದೆ, ಏನೂ ತಪ್ಪುವುದಿಲ್ಲ. ಆದರೆ ಸುತ್ತ ನೋಡಬೇಕೆಂದರೆ ಇನ್ನೊಂದು ಗುಂಡಿ ಹಿಡಿದು ಅದೇ ಸ್ಟಿಕ್ ತಿರುಗಿಸಬೇಕು. ಕತ್ತಿವರಸೆ ಹೋಗಿ ಅರ್ಜಿ ತುಂಬಿಸುವ ಕೆಲಸದಂತಾಯಿತು.

ಇನ್ನು ನಮ್ಮನ್ನು ದೂರದಿಂದ ನೋಡುವ ಕ್ಯಾಮೆರಾದ ವಿಚಾರ. ಪ್ಲೇಸ್ಟೇಷನ್ 2ಕ್ಕೆ 2003ರಲ್ಲಿ ಬಂದ ಐಟಾಯ್ ಸಾಧುಪ್ರಾಣಿ. ಪರದೆಯ ಮೇಲೆ ನಮ್ಮದೇ ಚಿತ್ರ, ಅದರ ಮುಂದೆ ಕೊಳೆಯಾದ ಗಾಜು, ಕೈಯಾಡಿಸಿ ಒರೆಸಬೇಕು. ಒಂದು ಸಂಜೆಯ ನಗುವಿಗೆ ಅಷ್ಟು ಸಾಕು, ಅದೂ ಅದಕ್ಕಿಂತ ಹೆಚ್ಚಿನದನ್ನು ಹೇಳಿಕೊಳ್ಳಲಿಲ್ಲ. ಹೇಳಿಕೊಂಡದ್ದು ಎಕ್ಸ್‌ಬಾಕ್ಸ್ ಗೇಮ್ ಯಂತ್ರದ ಕ್ಯಾಮೆರಾ ಕೈನೆಕ್ಟ್. ಮೈಕ್ರೋಸಾಫ್ಟ್ 2009ರಲ್ಲಿ ಪರಿಚಯಿಸಿ 2010ರ ನವೆಂಬರಿನಲ್ಲಿ ಮಾರಾಟಕ್ಕೆ ತಂದಿತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆಯಾಯಿತು. ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯ ತಂತ್ರ ಅದರ ಹೊಟ್ಟೆಯೊಳಗಿತ್ತು. ಕಣ್ಣಿಗೆ ಕಾಣದ ಚುಕ್ಕೆಗಳ ಜಾಲವನ್ನು ಕೋಣೆಯ ಮೇಲೆಲ್ಲ ಚೆಲ್ಲಿ, ಅವು ಎಲ್ಲೆಲ್ಲಿ ಸರಿದಿವೆ ಎಂಬುದರಿಂದ ದೂರ ಅಳೆದು, ನಮ್ಮ ಮೈಯ ಕೀಲುಗಳನ್ನು ಗುರುತಿಸುತ್ತಿತ್ತು. ತಂತ್ರಜ್ಞಾನವಾಗಿ ಅದು ಅದ್ಭುತವೇ. ರೋಬಾಟ್ ಮಾಡುವವರು, ಕಲಾವಿದರು ಅದನ್ನು ಮುಗಿಬಿದ್ದು ಕೊಂಡದ್ದು ಸುಮ್ಮನೆ ಅಲ್ಲ.

ಆಟಕ್ಕೆ? ಒಬ್ಬರು ಆಡಲು ಸುಮಾರು ಆರಡಿ ದೂರ ಬೇಕು, ಇಬ್ಬರಿಗೆ ಎಂಟಡಿ. ಬೆಂಗಳೂರಿನ ಗೆಳತಿಯ ಬಾಡಿಗೆ ಮನೆಯ ಹಾಲ್ ಒಟ್ಟು ಹತ್ತಕ್ಕೆ ಹನ್ನೆರಡು ಅಡಿ. ಟೀಪಾಯಿ ಮಂಚದ ಮೇಲೇರಿತು, ದಿವಾನ ಅಡುಗೆಮನೆಯ ಬಾಗಿಲಿಗೆ ಅಡ್ಡವಾಯಿತು. ಮೇಲಿನ ಫ್ಯಾನ್ ಆಫ್ ಮಾಡಿದೆವು, ಜಿಗಿಯುವಾಗ ಕೈ ಎತ್ತಬೇಕಲ್ಲ. ಏಪ್ರಿಲ್ ತಿಂಗಳು. ಗೆಳತಿಯ ಅತ್ತೆ ದಿವಾನ ದಾಟಿ ಕಾಫಿ ತಂದರೆ ಯಂತ್ರ ಅವರನ್ನು ಎರಡನೆಯ ಆಟಗಾರರೆಂದು ಬರಮಾಡಿಕೊಂಡಿತು.

ಕೋಣೆಯ ಇಕ್ಕಟ್ಟು ನಮ್ಮದು, ಅದಕ್ಕೆ ಯಂತ್ರವನ್ನು ದೂರುವುದಿಲ್ಲ. ಆದರೆ ಅರಮನೆಯ ದರ್ಬಾರ್ ಹಾಲಿನಲ್ಲಿ ಆಡಿದರೂ ಉಳಿಯುವ ಒಂದು ಪ್ರಶ್ನೆಯಿದೆ: ಆಟದೊಳಗೆ ನಡೆಯುವುದು ಹೇಗೆ? ಕಂಟ್ರೋಲರ್ ಇಲ್ಲದಿದ್ದರೆ ಹೆಬ್ಬೆರಳಿಗೆ ಸ್ಟಿಕ್ ಇಲ್ಲ, ಟೀವಿಯ ಎದುರು ನಿಂತವರು ನಾಲ್ಕು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ಹಾಗಾಗಿ ಕೈನೆಕ್ಟ್‌ನ ಎಷ್ಟೋ ಆಟಗಳಲ್ಲಿ ನಾವು ನಡೆಯುವುದಿಲ್ಲ, ಒಯ್ಯಲ್ಪಡುತ್ತೇವೆ: ತೆಪ್ಪದಲ್ಲಿ, ಗಣಿಯ ಬಂಡಿಯಲ್ಲಿ, ಹಳಿಯ ಮೇಲೆ. ಜೊತೆಗೆ ತಡ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಪ್ರತಿ ಚಿತ್ರದಲ್ಲೂ ನನ್ನ ಮೊಣಕೈ ಯಾವುದು ಎಂದು ಹುಡುಕಬೇಕು, ಆಮೇಲೆ ಆಟ ಸ್ಪಂದಿಸಬೇಕು. ಮೆನುವಿನಲ್ಲಿ ಏನನ್ನಾದರೂ ಆರಿಸಬೇಕೆಂದರೆ ಗಾಳಿಯಲ್ಲಿ ಕೈ ಚಾಚಿ, ವೃತ್ತ ತುಂಬುವವರೆಗೆ ಅಲ್ಲಾಡದೆ ನಿಲ್ಲಬೇಕು. ಒಂದು ಗುಂಡಿಯ ಕೆಲಸಕ್ಕೆ ಭುಜ ನೋವು! 2012ರ ‘ಸ್ಟೀಲ್ ಬೆಟಾಲಿಯನ್: ಹೆವಿ ಆರ್ಮರ್’ನಲ್ಲಂತೂ ಯುದ್ಧಯಂತ್ರದೊಳಗೆ ಕುಳಿತು ಸನ್ನೆಕೋಲುಗಳನ್ನು ಗಾಳಿಯಲ್ಲಿ ಹಿಡಿದೆಳೆಯಬೇಕಿತ್ತು, ಒಂದು ಸನ್ನೆಯನ್ನು ಇನ್ನೊಂದೆಂದು ತಿಳಿಯುವ ಅದರ ಚಾಳಿಗೆ ವಿಮರ್ಶಕರು ಸರಿಯಾಗಿ ಇಕ್ಕಿದರು. ಕೊನೆಗೆ 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕೈನೆಕ್ಟನ್ನು ಕಡ್ಡಾಯವಾಗಿ ಕಟ್ಟಿ 499 ಡಾಲರ್ ಬೆಲೆ ಇಟ್ಟರು. ಎದುರಿಗೆ ಪ್ಲೇಸ್ಟೇಷನ್ 4ರ ಬೆಲೆ 399. ಏಳೇ ತಿಂಗಳಲ್ಲಿ ಗಂಟು ಬಿಚ್ಚಿದರು, 2017ರಲ್ಲಿ ತಯಾರಿಕೆಯೇ ನಿಂತಿತು.

ಇಷ್ಟೆಲ್ಲ ಹೇಳಿದ ಮೇಲೂ ಕೈನೆಕ್ಟ್‌ನ ಒಂದು ಆಟಕ್ಕೆ ನಾನು ಕೈ ಮುಗಿಯುತ್ತೇನೆ: ‘ಡ್ಯಾನ್ಸ್ ಸೆಂಟ್ರಲ್’. ಕುಣಿತಕ್ಕೆ ಮೈಯೇ ಸರಕು. ಮುಂದಿನ ಹೆಜ್ಜೆ ಯಾವುದೆಂದು ಪರದೆಯ ಬದಿಯಲ್ಲಿ ಚೀಟಿಗಳು ಮೊದಲೇ ತೋರಿಸುತ್ತ ಬರುತ್ತವೆ, ಆದ್ದರಿಂದ ಯಂತ್ರ ಚೂರು ತಡವಾಗಿ ನೋಡಿದರೂ ನಷ್ಟವಿಲ್ಲ. ಎದುರಾಳಿಯ ಏಟಿಗೆ ಥಟ್ಟನೆ ಪ್ರತಿಕ್ರಿಯಿಸುವ ಕಡೆ ತಡ ಕೊಲ್ಲುತ್ತದೆ, ತಾಳದಲ್ಲಿ ಅದನ್ನು ಮೊದಲೇ ಕಳೆದು ಲೆಕ್ಕ ಹಾಕಬಹುದು. ಎಡಗೈ ತಪ್ಪಿದರೆ ಪರದೆಯ ನರ್ತಕಿಯ ಎಡಗೈ ಕೆಂಪಾಗುತ್ತದೆ. ಇದೇ ಕೆಲಸಕ್ಕೆ ‘ಜಸ್ಟ್ ಡ್ಯಾನ್ಸ್’ ವೀಯಲ್ಲಿ ಬಲಗೈಯ ರಿಮೋಟನ್ನಷ್ಟೇ ನೋಡುತ್ತಿತ್ತು. ಕುರ್ಚಿಯಲ್ಲಿ ಕೂತು ಕೈ ಆಡಿಸಿದರೂ ಅಂಕ ಬರುತ್ತಿತ್ತು, ನಮ್ಮ ಕುಟುಂಬದಲ್ಲಿ ಬಹುಮಾನ ಗೆದ್ದದ್ದೆಲ್ಲ ಹಾಗೆಯೇ.

2019ರ ‘ರಿಂಗ್ ಫಿಟ್ ಅಡ್ವೆಂಚರ್’ ಕೂಡ ಇದೇ ಸಾಲಿಗೆ ಸೇರುತ್ತದೆ. ತೊಡೆಗೊಂದು ಪಟ್ಟಿ, ಕೈಗೊಂದು ಬಳೆಯಾಕಾರದ ರಿಂಗ್. ಅದನ್ನು ಒತ್ತಿದರೆ ಅದೂ ತಿರುಗಿ ಒತ್ತುತ್ತದೆ. ಕೈನೆಕ್ಟ್‌ನಲ್ಲಿ ಇಲ್ಲದೇ ಹೋದದ್ದು ಈ ಎದುರೊತ್ತು. ನಾನಿರುವುದು ಮಹಡಿಯಲ್ಲಿ, ಕೆಳಗೆ ಮನೆ ಮಾಲೀಕರು, ನಿಂತಲ್ಲೇ ಓಡಿದರೆ ಸೂರು ಗುಡುಗುತ್ತದೆ. ಓಟದ ಬದಲು ಮೊಣಕಾಲು ಮಡಚುವ ಸದ್ದಿಲ್ಲದ ವಿಧಾನವನ್ನು ಆಟವೇ ಕೊಟ್ಟಿದೆ. ಜಪಾನಿನ ಮನೆಗಳೂ ನಮ್ಮವುಗಳಂತೆಯೇ ಇರಬೇಕು.

ಇಷ್ಟಾದರೂ ನಾನು ದಿನವೂ ಬಳಸುವುದು ಇವು ಯಾವುದನ್ನೂ ಅಲ್ಲ, ಅಣ್ಣನ ಮಗ ಆಫ್ ಮಾಡುವ ಜೈರೊ ಗುರಿಯನ್ನು, ಅಂದರೆ ಕಂಟ್ರೋಲರನ್ನೇ ತಿರುಗಿಸಿ ಗುರಿ ಇಡುವುದನ್ನು. ‘ಸ್ಪ್ಲಟೂನ್’ (2015) ಅದನ್ನೇ ಮೂಲ ವಿಧಾನವಾಗಿಸಿತು, ‘ಬ್ರೆತ್ ಆಫ್ ದ ವೈಲ್ಡ್’ನ (2017) ಬಿಲ್ಲಿಗೂ ಅದಿದೆ. ಸ್ಟಿಕ್‌ನಿಂದ ಸರಿಸುಮಾರು ಅತ್ತ ತಿರುಗು, ಬಿಲ್ಲೆಳೆ, ಕೊನೆಯ ಚೂರನ್ನು ಮಣಿಕಟ್ಟಿಗೆ ಬಿಡು. ಸ್ಟಿಕ್ ಹೇಳುವುದು ವೇಗವನ್ನು: ಎಷ್ಟು ತಳ್ಳಿದರೆ ಗುರಿ ಅಷ್ಟು ಬೇಗ ಓಡುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ನಾನು ಕಾದು ಹಿಡಿಯಬೇಕು. ಜೈರೊ ಹೇಳುವುದು ಜಾಗವನ್ನು: ಕೈ ಎಷ್ಟು ತಿರುಗಿತೋ ಗುರಿ ಅಷ್ಟೇ ತಿರುಗುತ್ತದೆ, ಕೈ ನಿಂತಲ್ಲಿ ನಿಲ್ಲುತ್ತದೆ. ಕೇರಂನಲ್ಲಿ ಸ್ಟ್ರೈಕರನ್ನು ಗೆರೆಯ ಮೇಲೆ ಕೂದಲಷ್ಟು ಸರಿಸಿ ಕೋನ ಸರಿಮಾಡುತ್ತೇವಲ್ಲ, ಆ ಹದ ಇದರಲ್ಲಿದೆ. ಸ್ಟಿಕ್‌ನಲ್ಲಿ ಆಡುವ ಶೂಟಿಂಗ್ ಆಟಗಳಲ್ಲಿ ಗುರಿ ತಾನಾಗಿಯೇ ಶತ್ರುವಿಗೆ ಅಂಟಿಕೊಳ್ಳುವಂತೆ ಆಟವೇ ಒಳಗಿಂದ ಸಹಾಯ ಮಾಡುತ್ತಿರುತ್ತದೆ. ನಿಜವಾದ ಆಟಗಾರರು ಸ್ಟಿಕ್‌ನಲ್ಲೇ ಗುರಿ ಇಡುತ್ತಾರಂತೆ! ಅರ್ಧ ಗುರಿಯನ್ನು ಯಂತ್ರ ಇಡುತ್ತಿರುತ್ತದೆ, ಮಗನೇ.

ಹಾಗೆಂದು ಇದನ್ನು ಎಲ್ಲರ ತಲೆಗೂ ಕಟ್ಟಬಾರದು. ಮಣಿಕಟ್ಟು ನೋಯುವವರಿದ್ದಾರೆ, ಕೈ ನಡುಗುವವರಿದ್ದಾರೆ, ಬಸ್ಸಿನಲ್ಲಿ ಕೂತು ಆಡುವವರಿದ್ದಾರೆ. ಆಫ್ ಮಾಡುವ ಅವಕಾಶ ಇರಲೇಬೇಕು, ವೇಗ ಹೊಂದಿಸುವ ಅವಕಾಶವೂ. ‘ಬ್ರೆತ್ ಆಫ್ ದ ವೈಲ್ಡ್’ನಲ್ಲೇ ಚಕ್ರವ್ಯೂಹದಂಥ ಹಲಗೆಯನ್ನು ಕಂಟ್ರೋಲರ್ ವಾಲಿಸಿ ಗುಂಡು ಉರುಳಿಸುವ ಒಂದು ಒಗಟಿದೆ, ಅಲ್ಲಿ ಬೇರೆ ದಾರಿಯಿಲ್ಲ. ಅನೇಕರು ಕಂಟ್ರೋಲರನ್ನೇ ಬೋರಲು ಹಾಕಿ, ಹಲಗೆಯ ಸಪಾಟಾದ ಬೆನ್ನಿನ ಮೇಲೆ ಗುಂಡನ್ನು ಜಾರಿಸಿ ದಾಟಿದರು. ಅಣ್ಣನ ಮಗನೂ ಹಾಗೆಯೇ ದಾಟಿದ. ಗಿಮಿಕ್ ಎಂದು ಬೈಯುತ್ತಲೇ, ಕಣ್ಣರಳಿಸಿಕೊಂಡು.

ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಕಂಟ್ರೋಲರಿನಲ್ಲಿ ಜೈರೊ ಇಲ್ಲ. ಇಡೀ ಮೈಯನ್ನು ಅಳೆಯಲು ಅಷ್ಟು ಹಣ ಸುರಿದ ಕಂಪನಿ ಮಣಿಕಟ್ಟಿನ ಚಿಪ್ ಒಂದನ್ನು ಹಾಕಲಿಲ್ಲ ಎಂಬುದು ನನಗೆ ಇಂದಿಗೂ ಅರ್ಥವಾಗದ ಲೆಕ್ಕ. ಅತ್ತ ನಿಂಟೆಂಡೊ 2025ರ ಜೂನ್‌ನಲ್ಲಿ ತಂದ ಸ್ವಿಚ್ 2ರ ಜಾಯ್‌ಕಾನ್ ಎಂಬ ಪುಟ್ಟ ಕಂಟ್ರೋಲರನ್ನು ಮಗ್ಗುಲಾಗಿ ಮಲಗಿಸಿದರೆ ಅದು ಮೌಸ್ ಆಗುತ್ತದೆ. ‘ಡ್ರ್ಯಾಗ್ ಎಕ್ಸ್ ಡ್ರೈವ್’ ಎಂಬ ಗಾಲಿಕುರ್ಚಿ ಬಾಸ್ಕೆಟ್‌ಬಾಲ್ ಆಟದಲ್ಲಿ ಎರಡು ಕೈಯಲ್ಲಿ ಎರಡು ಜಾಯ್‌ಕಾನ್, ಒಂದೊಂದು ಒಂದೊಂದು ಗಾಲಿ: ಬಲಗೈ ಮಾತ್ರ ತಳ್ಳಿದರೆ ಕುರ್ಚಿ ಎಡಕ್ಕೆ ಹೊರಳುತ್ತದೆ. ಕೈಗೆ ಮೇಜಿನ ಆಸರೆ ಇದೆ, ತಳ್ಳಿದ್ದಕ್ಕೆ ಅರ್ಥವಿದೆ, ಎರಡು ಗುಂಡಿಗಳಿಂದ ಆಗದ ಕೆಲಸ. ಕೊಳ್ಳಬೇಕೆಂದಿದ್ದೇನೆ. ನಮ್ಮ ಟೀಪಾಯಿ ಗಾಜಿನದು, ಅದರ ಮೇಲೆ ಮೌಸ್ ಓಡುವುದಿಲ್ಲ. ಮೊದಲು ಒಂದು ದಪ್ಪ ಬಟ್ಟೆ ಹಾಸಬೇಕು.